ಹಿಮ ಬೀಳದ ನಾಡಿನ ಸ್ಕೀಯರ್ ❄️ ಆಟದ ಇತಿಹಾಸ, ಭಾಗ 6

ಕರ್ನಾಟಕದ ಪರವಾಗಿ ಹಿಮದಲ್ಲಿ ಚಿನ್ನ ಗೆದ್ದವರು ಇದ್ದಾರೆ ಅಂದ್ರೆ ನಮ್ಮ ಹೊಸಪೇಟೆ ಮಂದಿ ನಂಬಲ್ಲ. ಹಂಪಿ ಬಂಡೆ ಮೇಲೆ ಬರಿಗಾಲಿಡೋಕೆ ಆಗದಷ್ಟು ಬಿಸಿಲು ನಮ್ದು. ಐಸ್ ಅಂದ್ರೆ ಕಬ್ಬಿನ ಹಾಲಿನ ಗಾಡೀನೇ ನೆನಪಾಗೋದು. ಆದ್ರೆ ಇದು ನಿಜ ನೋಡ್ರಿ.

ಹೆಸರು ಭವಾನಿ ತೆಕ್ಕಡ ನಂಜುಂಡ. ಜಿಲ್ಲೆ ಕೊಡಗು. ಆಟ ಕ್ರಾಸ್ ಕಂಟ್ರಿ ಸ್ಕೀಯಿಂಗ್, ಅಂದ್ರೆ ಕಾಲಿಗೆ ಉದ್ದನೆ ಸ್ಕೀ, ಎರಡೂ ಕೈಯಲ್ಲಿ ಕೋಲು, ಹಿಮದಲ್ಲಿ ಕಿಲೋಮೀಟರ್‌ಗಟ್ಟಲೆ ಓಟ. ಏರು ಬಂದ್ರೂ ಸ್ವಂತ ಬಲದಲ್ಲೇ ಹತ್ತಬೇಕು.

ಗುಲ್ಮರ್ಗ್‌ನ ಖೇಲೋ ಇಂಡಿಯಾ ವಿಂಟರ್ ಗೇಮ್ಸ್‌ನಲ್ಲಿ ಅವರು ಕರ್ನಾಟಕಕ್ಕೆ ಚಿನ್ನ ತಂದರು. 2023ರಲ್ಲಿ ಸ್ಲೊವೇನಿಯಾದ ಪ್ಲಾನಿತ್ಸಾದಲ್ಲಿ ನಾರ್ಡಿಕ್ ವಿಶ್ವ ಚಾಂಪಿಯನ್‌ಶಿಪ್‌ಗೆ ಇಳಿದರು. 2025ರಲ್ಲಿ ಚಿಲಿ ದೇಶದ 5 ಕಿ.ಮೀ. ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಕಂಚು. ಅದು ಇಂಟರ್ವಲ್ ಸ್ಟಾರ್ಟ್ ಓಟ. ಒಬ್ಬೊಬ್ಬರನ್ನೇ ಸ್ವಲ್ಪ ಅಂತರ ಬಿಟ್ಟು ಕಳಿಸ್ತಾರೆ. ಎದುರಾಳಿ ಪಕ್ಕದಲ್ಲಿ ಇರಲ್ಲ, ಗಡಿಯಾರವೇ ಎದುರಾಳಿ.

ನಮ್ಮ ಸಂಡೂರು ತಾಲ್ಲೂಕಿನ ತೋರಣಗಲ್ಲು ಹತ್ರ 2018ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಶುರುವಾಯ್ತು. ಬಾಕ್ಸಿಂಗ್, ಕುಸ್ತಿ, ಜೂಡೊ, ಅಥ್ಲೆಟಿಕ್ಸ್ ಎಲ್ಲಾ ಐತಿ. ನೀರಜ್ ಚೋಪ್ರಾ ಕೂಡ ಅಲ್ಲಿ ತರಬೇತಿ ಪಡೆದವರು. ದುಡ್ಡು ಹಾಕಿದ್ರೆ ಬಿಸಿಲೂರಲ್ಲೂ ರಿಂಗ್ ಕಟ್ಟಬಹುದು. ಹಿಮದ ಬೆಟ್ಟ ಕಟ್ಟೋಕಾಗಲ್ಲ. ಹಾಗಾಗಿ ಸ್ಕೀಯರ್ ಆಗಬೇಕಾದ ಕನ್ನಡತಿ ಊರು ಬಿಡಲೇಬೇಕು.

ಈಗ ಅದೇ ಪ್ಲಾನಿತ್ಸಾದಲ್ಲಿ ಗೆದ್ದ ಇನ್ನೊಬ್ಬರ ಕಥೆ. ನಾರ್ವೆಯ ಗೀಡಾ ವೆಸ್ಟ್‌ವೊಲ್ಡ್ ಹ್ಯಾನ್ಸೆನ್, ಆಟ ನಾರ್ಡಿಕ್ ಕಂಬೈನ್ಡ್. ಮೊದಲು ದೊಡ್ಡ ಇಳಿಜಾರಿನಿಂದ ಸ್ಕೀ ಜಂಪ್, ಆಮೇಲೆ ಭವಾನಿಯವರದ್ದೇ ಕ್ರಾಸ್ ಕಂಟ್ರಿ ಓಟ. ನಮ್ಮ ಬಿಕಾಂ ಭಾಷೆಲಿ ಹೇಳೋದಾದ್ರೆ, ಜಂಪ್‌ನ ಪಾಯಿಂಟ್ ಓಟಕ್ಕೆ ಓಪನಿಂಗ್ ಬ್ಯಾಲೆನ್ಸ್. ಪುರುಷರ 10 ಕಿ.ಮೀ. ಸ್ಪರ್ಧೆಯಲ್ಲಿ 15 ಪಾಯಿಂಟ್ ಹಿಂದಿದ್ರೆ ಒಂದು ನಿಮಿಷ ತಡವಾಗಿ ಹೊರಡಬೇಕು. ಕೊನೆಗೆ ಗೆರೆ ಮೊದಲು ದಾಟಿದವರೇ ವಿಜೇತರು. ಈ ಲೆಕ್ಕಕ್ಕೆ ನಾರ್ವೆಯ ಗುಂಡರ್ ಗುಂಡರ್ಸನ್ ಹೆಸರಿದೆ.

ಮಹಿಳೆಯರಿಗೆ ಈ ಆಟದ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು 2021ರಲ್ಲಿ. ಗೆದ್ದವರು ಹ್ಯಾನ್ಸೆನ್. 2023ರಲ್ಲೂ ಅವರೇ, 2025ರಲ್ಲೂ ಅವರೇ. ಆದ್ರೆ ಒಲಿಂಪಿಕ್ಸ್? ಅಲ್ಲಿ ಅವರಿಗೆ ಸ್ಪರ್ಧೆಯೇ ಇಲ್ಲ!

ಇಸವಿ ನೋಡ್ರಿ 👇
▪️ 1924: ಮೊದಲ ಚಳಿಗಾಲದ ಒಲಿಂಪಿಕ್ಸ್, ಪುರುಷರ ನಾರ್ಡಿಕ್ ಕಂಬೈನ್ಡ್ ಆಗಲೇ ಇತ್ತು
▪️ 1952: ಮಹಿಳೆಯರ ಕ್ರಾಸ್ ಕಂಟ್ರಿ ಬಂತು
▪️ 2014: ಮಹಿಳೆಯರ ಸ್ಕೀ ಜಂಪ್ ಬಂತು
▪️ 2026: ಎರಡೂ ಸೇರಿದ ಆಟಕ್ಕೆ ಮಾತ್ರ ಮಹಿಳೆಯರ ವಿಭಾಗ ಇಲ್ಲ

ಜಿಗಿಯಬಹುದು, ಓಡಬಹುದು, ಎರಡನ್ನೂ ಒಟ್ಟಿಗೆ ಮಾಡೋ ಹಾಗಿಲ್ಲ! 2022ರಲ್ಲಿ ಒಲಿಂಪಿಕ್ ಸಮಿತಿ ಕೊಟ್ಟ ಕಾರಣ: ಆಡೋ ದೇಶಗಳು ಕಡಿಮೆ, ನೋಡೋರೂ ಕಡಿಮೆ. ಆದ್ರೆ ಅವಕಾಶ ಕೊಡದೆ ದೇಶಗಳು ಹೆಚ್ಚೋದು ಹೇಗೆ?

ಕ್ರೀಡಾ ಇತಿಹಾಸ ಅಂದ್ರೆ ನಾವು ಪದಕ ಎಣಿಸ್ತೀವಿ. ಅದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಒಂದಿದೆ: ಓಟ ಶುರುವಾಗೋ ಗೆರೆ ಹತ್ರ ನಿಲ್ಲೋಕೆ ಯಾರಿಗೆ ಜಾಗ ಸಿಕ್ತು? ಮನೆ ಮುಂದೆ ಹಿಮ ಇದ್ದ ವಿಶ್ವ ಚಾಂಪಿಯನ್‌ಗೆ ಒಲಿಂಪಿಕ್ಸ್‌ನ ಗೆರೆ ಸಿಗಲಿಲ್ಲ. ಹಿಮವೇ ಇಲ್ಲದ ನಾಡಿನ ಭವಾನಿಯವರು ಆ ಗೆರೆ ಹುಡುಕ್ಕೊಂಡು ಪ್ಲಾನಿತ್ಸಾ, ಚಿಲಿವರೆಗೂ ಹೋದರು. ಅವರ ಕಂಚಿನ ತೂಕ ಅಳೆಯೋವಾಗ ಈ ದೂರವನ್ನೂ ಸೇರಿಸಿ ಲೆಕ್ಕ ಹಾಕ್ರಿ.

ಕಂಪ್ಲಿ, ಸಂಡೂರು ಕಡೆಯ ಗೆಳೆಯರೇ, ನಿಮ್ಮೂರಲ್ಲಿ ಮೈದಾನವೇ ಇಲ್ಲದೆ ಬೆಳೆದ ಆಟಗಾರರು ಇದ್ದಾರಾ? ಕಮೆಂಟ್‌ನಲ್ಲಿ ಹೇಳ್ರಿ. ಭಾಗ 7ರಲ್ಲಿ ಸಿಗೋಣ 🙏

#ಆಟದಇತಿಹಾಸ #ಹೊಸಪೇಟೆ #ಕೊಡಗು #ಕನ್ನಡ