ಗರ್ಭಸ್ಥ ಜೀವಕ್ಕೆ ಹೊಣೆ ಯಾರು? – ಪಡ್ರೆ, ಕೊಕ್ಕಡಗಳು ಕಲಿಸುವ ಪಾಠ

ಪಂಚಕಲ್ಯಾಣ ಮಹೋತ್ಸವದಲ್ಲಿ ಮೊದಲನೆಯದು ಗರ್ಭಕಲ್ಯಾಣ. ತೀರ್ಥಂಕರರ ಜೀವವು ಮಾತೃಗರ್ಭವನ್ನು ಪ್ರವೇಶಿಸಿದ ಕ್ಷಣವನ್ನೇ ಮಂಗಳಮಯವೆಂದು ಭಾವಿಸಿ, ಜಿನಮಾತೆಯು ಕಂಡ ಹದಿನಾರು ಸ್ವಪ್ನಗಳನ್ನು ಸ್ಮರಿಸಿ ಸಮಾಜವು ಹರ್ಷಿಸುತ್ತದೆ. ಜೀವವು ಗರ್ಭಸ್ಥವಾದಂದಿನಿಂದಲೇ ರಕ್ಷಣೆಗೆ ಅರ್ಹವೆಂಬ ತತ್ತ್ವವು ಈ ಆಚರಣೆಯಲ್ಲಿ ಅಡಗಿದೆ. ಆದುದರಿಂದಲೇ ಗರ್ಭಪಾತವನ್ನು ಜೈನ ಪರಂಪರೆಯು ಹಿಂಸೆಯೆಂದೇ ಪರಿಗಣಿಸುತ್ತ ಬಂದಿದೆ. ಆದರೆ ಹುಟ್ಟುವ ಮಗು ಅಂಗವಿಕಲವಾಗಬಹುದೆಂಬ ಭಯವು ಊರನ್ನೇ ಆವರಿಸಿದಾಗ, ಆ ಹಿಂಸೆಯ ಹೊಣೆಯನ್ನೆಲ್ಲ ತಾಯಿಯೊಬ್ಬಳ ಮೇಲೆ ಹೊರಿಸುವುದು ಧರ್ಮವೆನಿಸೀತೆ? ತುಳುನಾಡಿನ ಇತ್ತೀಚಿನ ಚರಿತ್ರೆಯು ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟಿದೆ.

ಮಂಜೇಶ್ವರದ ಪ್ರಾಚೀನ ಬಸದಿಗಳಿಂದಾಗಿ ಕಾಸರಗೋಡು ಜಿಲ್ಲೆ ಜೈನ ಬಂಧುಗಳಿಗೆ ಪರಿಚಿತ. ಅದೇ ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿ, ಕನ್ನಡ ಮತ್ತು ತುಳು ಮಾತನಾಡುವ ಜನರು ವಾಸಿಸುವ ಪಡ್ರೆ ಎಂಬ ಗ್ರಾಮವಿದೆ. ಆ ಭಾಗದ ಒಂದು ಊರಿನ ಹೆಸರೇ ಸ್ವರ್ಗ. ಗುಡ್ಡದ ನೆತ್ತಿಯಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟ. ಕೆಳಗೆ ತೋಡು, ಕೆರೆ, ಸುರಂಗಗಳ ನೀರನ್ನು ನಂಬಿದ ಮನೆಗಳು. ಜಿಲ್ಲೆಯಲ್ಲಿ ಈ ಸಂಸ್ಥೆಯ ಗೇರು ತೋಟಗಳ ವಿಸ್ತಾರ 4,500 ಹೆಕ್ಟೇರಿಗೂ ಹೆಚ್ಚು. ಗೇರು ಚಿಗುರಿನ ರಸ ಹೀರುವ ಟೀ ಸೊಳ್ಳೆಯನ್ನು ಕೊಲ್ಲಲು 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ವರ್ಷಕ್ಕೆ ಎರಡು ಮೂರು ಬಾರಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ವಿಷವನ್ನು ಸಿಂಪಡಿಸಲಾಯಿತು. ಸಿಂಪಡಣೆಯ ವೇಳೆ ನೀರಿನ ತಾಣಗಳನ್ನು ಮುಚ್ಚಿಡಬೇಕೆಂಬುದು ನಿಯಮ. ಹರಿಯುವ ತೋಡನ್ನು ಮುಚ್ಚುವ ಬಗೆಯನ್ನು ಯಾರೂ ತಿಳಿಸಲಿಲ್ಲ.

ಕೃಷಿ ಪತ್ರಕರ್ತ ಶ್ರೀ ಪಡ್ರೆಯವರು ತಮ್ಮೂರಿನ ಕರುಗಳು ಅಂಗವಿಕಲವಾಗಿ ಹುಟ್ಟುತ್ತಿರುವುದನ್ನು ಬಹು ಮುಂಚೆಯೇ ಗುರುತಿಸಿ ಬರೆದರು. ವಾಣೀನಗರದಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಡಾ. ವೈ. ಎಸ್. ಮೋಹನಕುಮಾರರು, ಒಂದೇ ಪರಿಸರದ ಮನೆಗಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಹುಟ್ಟಿನಿಂದ ಬಂದ ಅಂಗವೈಕಲ್ಯ, ಅರ್ಬುದ ರೋಗಗಳು ಅಸಹಜ ಪ್ರಮಾಣದಲ್ಲಿರುವುದನ್ನು ಕಂಡು ವೈದ್ಯಲೋಕದ ಗಮನ ಸೆಳೆದರು. ಕೃಷಿ ಇಲಾಖೆಯ ಉದ್ಯೋಗಿಯಾಗಿದ್ದ ಲೀಲಾಕುಮಾರಿ ಅಮ್ಮನವರು ನ್ಯಾಯಾಲಯದ ಮೆಟ್ಟಿಲೇರಿ ಸಿಂಪಡಣೆಗೆ ತಡೆ ತಂದರು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯು ಪಡ್ರೆಯ ಮಕ್ಕಳನ್ನು ಸಿಂಪಡಣೆಯಿಲ್ಲದ ಮೀಂಜದ ಮಕ್ಕಳೊಡನೆ ಹೋಲಿಸಿ, ಪಡ್ರೆಯಲ್ಲಿ ತೊಂದರೆಗಳು ಹೆಚ್ಚೆಂದು 2002ರಲ್ಲಿ ವರದಿ ಮಾಡಿತು. ವಿಷಕ್ಕೂ ರೋಗಕ್ಕೂ ಸಂಬಂಧ ಸ್ಥಾಪಿತವಾಗಿಲ್ಲವೆಂದು 2003ರಲ್ಲಿ ದುಬೆ ಸಮಿತಿ ಅಭಿಪ್ರಾಯಪಟ್ಟಿತು. ವಾದ ಮುಂದುವರಿಯಿತು; ಮಕ್ಕಳು ಹಾಸಿಗೆಯಲ್ಲಿಯೇ ಬೆಳೆದರು.

ಇದು ನೆರೆರಾಜ್ಯದ ಕಥೆಯೆಂದು ಸುಮ್ಮನಾಗುವಂತಿಲ್ಲ. ಧರ್ಮಸ್ಥಳವೂ ವೇಣೂರಿನ ಬಾಹುಬಲಿಯೂ ಇರುವ ಬೆಳ್ತಂಗಡಿ ತಾಲೂಕಿನಲ್ಲಿಯೇ ಕೊಕ್ಕಡ, ಪಟ್ರಮೆ, ನಿಡ್ಲೆ ಗ್ರಾಮಗಳಿವೆ. ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ತೋಟಗಳಿಗೆ ಎರಚಿದ ಅದೇ ವಿಷದ ನೆರಳು ಈ ಊರುಗಳ ಮನೆಗಳ ಮೇಲೂ ಬಿದ್ದಿತು. 2011ರಲ್ಲಿ ಕರ್ನಾಟಕ ಸರ್ಕಾರ ಎಂಡೋಸಲ್ಫಾನನ್ನು ನಿಷೇಧಿಸಿತು. ಅದೇ ವರ್ಷದ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಡಂಬಡಿಕೆಯ ರಾಷ್ಟ್ರಗಳು ಜಗತ್ತಿನಾದ್ಯಂತ ಇದರ ಬಳಕೆಯನ್ನು ಹಂತಹಂತವಾಗಿ ನಿಲ್ಲಿಸಲು ನಿರ್ಧರಿಸಿದವು. ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ತಡೆಯೊಡ್ಡಿತು.

ಇಂತಹ ಊರಿನ ಗರ್ಭಿಣಿಯ ಮನಃಸ್ಥಿತಿಯನ್ನು ಊಹಿಸಬೇಕು. ಮನೆಯಲ್ಲಿ ಮಾತು ಬಾರದ, ನಡೆಯಲಾರದ ಒಂದು ಮಗು; ಒಡಲಲ್ಲಿ ಮತ್ತೊಂದು ಜೀವ. 1971ರ ವೈದ್ಯಕೀಯ ಗರ್ಭಪಾತ ಕಾಯಿದೆಯು, ಹುಟ್ಟುವ ಮಗುವಿಗೆ ಗಂಭೀರ ವೈಕಲ್ಯದ ಸಂಭವವಿದ್ದಲ್ಲಿ 20 ವಾರಗಳವರೆಗೆ ಗರ್ಭಪಾತಕ್ಕೆ ಅವಕಾಶ ನೀಡಿತು. 2021ರ ತಿದ್ದುಪಡಿಯ ಪ್ರಕಾರ, ಭ್ರೂಣದಲ್ಲಿ ಗಣನೀಯ ದೋಷವಿದೆಯೆಂದು ವೈದ್ಯಕೀಯ ಮಂಡಳಿ ನಿರ್ಣಯಿಸಿದರೆ ವಾರಗಳ ಮಿತಿಯೇ ಇಲ್ಲ. ಕಾನೂನು ಅನುಮತಿಸುತ್ತದೆ, ಆಜ್ಞಾಪಿಸುವುದಿಲ್ಲ. ಚಂಡೀಗಢದ ಸರ್ಕಾರಿ ಆಶ್ರಯದಲ್ಲಿದ್ದ ಬುದ್ಧಿಮಾಂದ್ಯ ಯುವತಿಯೊಬ್ಬಳ ಗರ್ಭವನ್ನು ತೆಗೆಸಬೇಕೆಂದು ಹೈಕೋರ್ಟು ಆದೇಶಿಸಿದಾಗ, ಮಗುವನ್ನು ಹೆರುವ ಅವಳ ಇಚ್ಛೆಯನ್ನು 2009ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಸ್ಕ್ಯಾನಿಂಗ್‌ಗೂ ಅದರದೇ ಮಿತಿಯುಂಟು. ಬುದ್ಧಿಮಾಂದ್ಯ, ಅಪಸ್ಮಾರಗಳಂತಹ ತೊಂದರೆಗಳು ಬಹುಮಟ್ಟಿಗೆ ಅದರಲ್ಲಿ ಗೋಚರಿಸುವುದಿಲ್ಲ. ಕೇವಲ ಭಯದಿಂದ ಗರ್ಭವನ್ನು ತೆಗೆಸಿದರೆ ಆರೋಗ್ಯವಂತ ಶಿಶುವೇ ಅಳಿಯಬಹುದು. ಅಂಗವಿಕಲ ಶಿಶುವೇ ಆಗಿದ್ದರೂ ಅದರ ಜೀವ ಕಡಿಮೆ ಬೆಲೆಯದಲ್ಲ.

ಹೀಗಿರುವಾಗ ಹಿಂಸೆಯ ಮೂಲವನ್ನು ಎಲ್ಲಿ ಹುಡುಕಬೇಕು? ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದಕ್ಕೆ, ಅಂದರೆ ಎಚ್ಚರಗೇಡಿತನಕ್ಕೆ, ಮೊದಲ ಸ್ಥಾನ ನೀಡಿದ್ದಾರೆ. ಶ್ರಾವಕಾಚಾರವು ಗೃಹಸ್ಥರ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಬೇಸಾಯ, ವ್ಯಾಪಾರಗಳಲ್ಲಿ ಅನಿವಾರ್ಯವಾಗಿ ಆಗುವುದು ಉದ್ಯೋಗೀ ಹಿಂಸೆ. ಆದರೆ ಕೆಳಗೆ ಮನೆಗಳಿವೆಯೆಂದು ತಿಳಿದಿದ್ದೂ ಎರಡು ದಶಕಗಳ ಕಾಲ ಆಕಾಶದಿಂದ ವಿಷ ಸುರಿಸಿದ್ದನ್ನು ಅನಿವಾರ್ಯವೆನ್ನಲಾಗದು. ತಾಯಿಯ ನಿರ್ಧಾರವು ಕಡೆಯ ಕೊಂಡಿ. ಸಿಂಪಡಿಸಲು ಆಜ್ಞೆಯಿತ್ತವರು, ಲಾಭ ಪಡೆದವರು, ದೂರು ಬಂದರೂ ಕಿವಿಗೊಡದವರು, ಗೇರುಬೀಜ ಮೆದ್ದು ಅದರ ಹಿನ್ನೆಲೆ ವಿಚಾರಿಸದವರು ಎಲ್ಲರೂ ಅದಕ್ಕೂ ಹಿಂದಿನ ಕೊಂಡಿಗಳು. ಕೃತ, ಕಾರಿತ, ಅನುಮತವೆಂಬ ಮೂರು ದೋಷಗಳನ್ನು ಬಲ್ಲ ಸಮಾಜಕ್ಕೆ ಈ ಲೆಕ್ಕ ಹೊಸದೇನಲ್ಲ.

ಹುಟ್ಟಿದ ಮೇಲಿನ ಕಥೆ ಇನ್ನೂ ದೀರ್ಘವಾದುದು. ಪ್ರತಿ ಸಂತ್ರಸ್ತರಿಗೂ ಮೂರು ತಿಂಗಳೊಳಗೆ 5 ಲಕ್ಷ ರೂಪಾಯಿ ನೀಡಬೇಕೆಂದು 2017ರ ಜನವರಿ 10ರಂದು ಸುಪ್ರೀಂ ಕೋರ್ಟು ಕೇರಳಕ್ಕೆ ಆದೇಶಿಸಿತು. ಆದರೂ 2019ರಲ್ಲಿ ತಾಯಂದಿರು ಮಕ್ಕಳನ್ನು ಕಂಕುಳಲ್ಲೆತ್ತಿ ತಿರುವನಂತಪುರದ ಸಚಿವಾಲಯದ ಮುಂದೆ ಕುಳಿತುಕೊಳ್ಳಬೇಕಾಯಿತು. ವಿಳಂಬಕ್ಕಾಗಿ 2022ರಲ್ಲಿ ನ್ಯಾಯಾಲಯವು ಮತ್ತೆ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು. ಕಾಸರಗೋಡಿನ ಪಂಚಾಯತಿಗಳಲ್ಲಿ ಬಡ್ಸ್ ಶಾಲೆಗಳು, ದಕ್ಷಿಣ ಕನ್ನಡದ ಕೊಕ್ಕಡ ಮತ್ತು ಕೊಯಿಲಗಳಲ್ಲಿ ಹಗಲು ಪಾಲನಾ ಕೇಂದ್ರಗಳು ಆರಂಭವಾದವು. ಹಗಲಿನಲ್ಲಿ ಕೆಲವು ಗಂಟೆಗಳ ಬಿಡುವು ದೊರೆತರೂ ತಾಯಂದಿರನ್ನು ಬಾಧಿಸುವ ಪ್ರಶ್ನೆ ಬೇರೆ: ತಾನಿಲ್ಲವಾದ ಮೇಲೆ ಈ ಮಗುವಿಗೆ ಗತಿ ಯಾರು?

ಪಡ್ರೆ, ಕೊಕ್ಕಡಗಳಲ್ಲಿ ದೂರಲು ಒಂದು ವಿಷವಿದೆ, ಕೇಳಲು ಒಂದು ನ್ಯಾಯಾಲಯವಿದೆ. ಈ ವಿಷದ ಕಥೆಗೆ ಸಂಬಂಧವೇ ಇಲ್ಲದ ಮಾಗಡಿ ಸೀಮೆಯ ಗುಡೇಮಾರನಹಳ್ಳಿಯಂಥ ಊರಿನಲ್ಲಿ ಅಂಗವಿಕಲ ಶಿಶುವೊಂದು ಜನಿಸಿದರೆ, ಆ ಮನೆಯವರಿಗೆ ಪರಿಹಾರ ಕೇಳಲು ಪ್ರತಿವಾದಿಯೂ ಇರುವುದಿಲ್ಲ. ಅಲ್ಲಿ ಪೂರ್ವಕರ್ಮದ ಮಾತು ಬೇಗ ಹೊರಡುತ್ತದೆ. ಕರ್ಮಸಿದ್ಧಾಂತವನ್ನು ಋಷಿಗಳು ಉಪದೇಶಿಸಿದ್ದು ತನ್ನ ನಡತೆಯನ್ನು ತಿದ್ದಿಕೊಳ್ಳುವುದಕ್ಕಾಗಿ. ನೆರೆಮನೆಯ ತಾಯಿಯನ್ನು ತೂಗುವುದಕ್ಕಾಗಿ ಅಲ್ಲ. ಅವಳ ಮಗುವಿನ ಕರ್ಮವು ಏನೇ ಇರಲಿ, ಅದಕ್ಕೆ ಊಟ, ಔಷಧ, ವಿದ್ಯೆಗಳನ್ನು ಒದಗಿಸುವುದು ನೋಡುವವರ ಕರ್ತವ್ಯವಾಗಿ ಉಳಿಯುತ್ತದೆ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಅಭಯದಾನವು ಹಿರಿದೆನ್ನುತ್ತಾರೆ. ಗರ್ಭಿಣಿಗೆ ‘ತೆಗೆಸಬೇಡ’ ಎಂದು ಹೇಳುವುದು ಸುಲಭ. ‘ಹೆತ್ತರೆ ನಾವಿದ್ದೇವೆ’ ಎಂದು ಹೇಳಿ ಹಾಗೆಯೇ ನಡೆದುಕೊಳ್ಳುವುದು ಅಭಯ. ಬಸದಿಯ ಆಡಳಿತ ಮಂಡಳಿಗಳು ತಮ್ಮ ಊರಿನ ಅಂಗವಿಕಲ ಮಕ್ಕಳ ಮನೆಗಳನ್ನು ಮತಭೇದವಿಲ್ಲದೆ ಗುರುತಿಸಿ, ಸರ್ಕಾರದ ಮಾಸಾಶನ ಕೊಡಿಸಲು ನೆರವಾಗಬಹುದು. ಸಭಾಭವನದ ಒಂದು ಕೊಠಡಿಯನ್ನು ಹಗಲು ಪಾಲನೆಗೆ ಬಿಟ್ಟುಕೊಡಬಹುದು. ಗಾಲಿಕುರ್ಚಿ ಹತ್ತುವಂತೆ ಬಸದಿಯ ಮೆಟ್ಟಿಲ ಪಕ್ಕದಲ್ಲಿ ಇಳಿಜಾರನ್ನು ಕಟ್ಟಿಸಬಹುದು. ತಂದೆತಾಯಿಗಳ ಕಾಲಾನಂತರ ಮಕ್ಕಳ ಪೋಷಣೆಗೆಂದು ಒಂದು ಶಾಶ್ವತ ನಿಧಿಯನ್ನು ತೆಗೆದಿರಿಸಬಹುದು. ಇಷ್ಟನ್ನು ಮಾಡಿದ ಸಮಾಜಕ್ಕೆ ಗರ್ಭಪಾತದ ನೀತಿಯನ್ನು ಬೋಧಿಸುವ ಅಧಿಕಾರವು ತಾನಾಗಿಯೇ ಒದಗೀತು. ಗರ್ಭಕಲ್ಯಾಣವನ್ನು ಆಚರಿಸುವವರ ಹೊಣೆಯು ತೊಟ್ಟಿಲಿನವರೆಗೆ ಮಾತ್ರವಲ್ಲದೆ, ಆ ಮಗುವಿನ ಆಯುಷ್ಯದುದ್ದಕ್ಕೂ ಸಾಗಬೇಕು.