ಮಹಾಡದ ಕೆರಿ, ನಮ್ಮೂರ ಬಾವಿ

ಜನವರಿ 26ಕ್ಕ ನಮ್ಮ ಮೊಮ್ಮಗಳ ಸಾಲ್ಯಾಗ ಭಾಷಣ ಇತ್ತು. ಅಂಬೇಡ್ಕರರ ಬಗ್ಗೆ ನಾಕು ನಿಮಿಷ ಮಾತಾಡಬೇಕು. ಸಾಲ್ಯಾಗ ಕೊಟ್ಟ ಹಾಳಿ ನೋಡಿ ಬಾಯಿಪಾಠ ಮಾಡಿದ್ಲು. 1891ರಾಗ ಹುಟ್ಟಿದ್ರು, ಸಂವಿಧಾನ ಬರೆದ್ರು, 1990ರಾಗ ಭಾರತರತ್ನ ಬಂತು. ಗಿಣಿ ಹೇಳಿದಂಗ ಹೇಳಿದ್ಲು.

"ಯಾತಕ್ಕ ಹೋರಾಡಿದ್ರವ್ವಾ ಅವರು?" ಅಂತ ಕೇಳಿದೆ.

"ಸಮಾನತೆಗೆ."

"ಸಮಾನತೆ ಅಂದ್ರೇನು?"

ಹಾಳಿ ತಿರುವಿ ನೋಡಿದ್ಲು. ಅದರಾಗ ಬರೆದಿರಲಿಲ್ಲ.

ರೊಟ್ಟಿ ಬಡಕೋತ ಅಕಿಗೆ ನೀರಿನ ಕಥಿ ಹೇಳಾಕ ಕುಂತೆ. ಮಕ್ಕಳಿಗೆ ಸಮಾನತೆ ಅಂದ್ರ ತಿಳಿಯೂದಿಲ್ಲ, ನೀರಡಿಕಿ ಅಂದ್ರ ತಿಳಿತೈತಿ.

ಭೀಮರಾವ ಸಣ್ಣಾವರಿದ್ದಾಗ ಸಾತಾರದ ಸಾಲಿಗೆ ಹೋಗ್ತಿದ್ರು. ಕುಂಡ್ರಾಕ ಬ್ಯಾರೆ ಗೋಣಿತಟ್ಟು. ಸಾಲ್ಯಾಗ ನಳ ಇತ್ತು, ನೀರೂ ಇತ್ತು, ಆದ್ರ ಅವರು ನಳ ಮುಟ್ಟೂವಂಗಿರಲಿಲ್ಲ. ಮಾಸ್ತರು ಹೂಂ ಅಂದ್ರೂ ಸಾಲದು, ಪ್ಯೂನ್ ಬಂದು ನಳ ತಿರುವಬೇಕು. ಪ್ಯೂನ್ ಇಲ್ಲಂದ್ರ ಆವತ್ತು ನೀರಿಲ್ಲ.

1901ರ ಸುಮಾರಿಗೆ ಬ್ಯಾಸಗಿ ಸೂಟ್ಯಾಗ ಅಣ್ಣ ಮತ್ತ ಮನಿ ಹುಡುಗೂರ ಜೋಡಿ ಅಪ್ಪನ ಊರಿಗೆ ಹೊಂಟ್ರು. ಮಸೂರ ಸ್ಟೇಷನ್ನಿನ್ಯಾಗ ಇಳಿದ್ರ ಇವರ ಜಾತಿ ಕೇಳಿ ಒಬ್ಬನೂ ಚಕ್ಕಡಿ ಹೂಡಲೊಲ್ಲ. ಕಡೀಕ ಎರಡು ಪಟ್ಟು ಬಾಡಿಗಿ ಕೊಟ್ಟು, ಹುಡುಗೂರೇ ಚಕ್ಕಡಿ ಹೊಡೀಬೇಕು, ಗಾಡಿಯವ ನಡಕೋತ ಬರತಾನ ಅಂತ ಮಾತಾತು. ಡಬ್ಬಿ ತುಂಬ ಊಟ ಇತ್ತು. ಕುಡಿಯಾಕ ಮಾತ್ರ ದಾರಿ ಉದ್ದಕ್ಕೂ ಯಾರೂ ನೀರು ಕೊಡಲಿಲ್ಲ. ನೀರಿಲ್ಲದ ತುತ್ತು ಗಂಟಲಾಗ ಇಳೀಲಿಲ್ಲ, ಹಸಕೊಂಡ ಮಲಗಿದ್ರು.

"ಮುಂದ ದೊಡ್ಡಾವರಾಗಿ ನೀರು ಕುಡಿದ್ರೇನು?" ಅಂದ್ಲು.

ಅಲ್ಲಿಗೇ ಬರಾಕ ಹತ್ತಿದ್ದೆ ನಾನು. 1923ರಾಗ ಮುಂಬೈ ವಿಧಾನ ಪರಿಷತ್ತಿನ್ಯಾಗ ಎಸ್. ಕೆ. ಬೋಲೆ ಅಂಬುವರು ಒಂದು ಠರಾವು ತಂದ್ರು. ಸರಕಾರದ ರೊಕ್ಕದಾಗ ನಡಿಯೂ ಕೆರಿ, ಬಾವಿ, ಧರ್ಮಶಾಲಿ, ಸಾಲಿ ಎಲ್ಲಾರಿಗೂ ತೆರೀಬೇಕು ಅಂತ. ಠರಾವು ಪಾಸಾತು. ನಮ್ಮ ಧಾರವಾಡ, ಬೆಳಗಾವಿ, ವಿಜಾಪುರನೂ ಆಗ ಮುಂಬೈ ಪ್ರಾಂತದಾಗೇ ಇದ್ದವು, ಅಂದ್ರ ಆ ಮಾತು ನಮ್ಮ ಬಾವಿಗಳಿಗೂ ಬಂದಂಗಾತು. ಕೊಂಕಣದ ಮಹಾಡ ಪುರಸಭೆ 1924ರಾಗ ಚವದಾರ ಕೆರಿ ಎಲ್ಲಾರಿಗೂ ಮುಕ್ತ ಅಂತ ಬರೆದೂ ಇಟ್ಟಿತು. ಆದ್ರೂ ದಲಿತರಿಗೆ ಒಂದು ಕೊಡ ನೀರು ಸಿಗಲಿಲ್ಲ.

1927ರ ಮಾರ್ಚ್ 20ಕ್ಕ ಅಂಬೇಡ್ಕರರು ಸಾವಿರಾರು ಮಂದಿ ಕಟಗೊಂಡು ಆ ಕೆರಿಗೆ ನಡೆದು, ಬೊಗಸಿಯಿಂದ ನೀರು ಕುಡಿದ್ರು. ಅಷ್ಟೇ ಅವರು ಮಾಡಿದ್ದು. ಗುಡಿಗೂ ನುಗ್ತಾರಂತ ಯಾರೋ ಸುಳ್ಳು ಸುದ್ದಿ ಹಬ್ಬಿಸಿದ್ರು. ಊಟಕ್ಕ ಕುಂತಾವರ ಮ್ಯಾಲ ಬಡಿಗಿ ಬಿದ್ದವು. ಆಮ್ಯಾಲ ಸಗಣಿ, ಗಂಜಳ, ಹಾಲು, ಮಸರು ತುಂಬಿದ 108 ಗಡಿಗಿ ಕೆರಿಗೆ ಹಾಕಿ ಶುದ್ಧ ಮಾಡಿದ್ರು. ದನ ಕುಡದ್ರ ಮೈಲಿಗಿ ಆಗದ ನೀರು ಮನಷ್ಯಾ ಕುಡದ್ರ ಆಗಿತ್ತು. ಡಿಸೆಂಬರಿನ್ಯಾಗ ಮತ್ತ ಸಭಾ ಕೂಡಿದಾಗ, ಈ ನೀರು ಕುಡೀದಿದ್ರ ನಾವೇನು ಸಾಯೂದಿಲ್ಲ, ನಾವೂ ಎಲ್ಲಾರಂಗ ಮನಷ್ಯಾರು ಅಂತ ತೋರಸಾಕ ಕೆರಿಗೆ ಹೋಗೂದು ಅನ್ನೂ ಅರ್ಥದ ಮಾತು ಅವರು ಹೇಳಿದ್ರು. ಕೋರ್ಟಿನ ಖಟ್ಲೆ ಹತ್ತು ವರ್ಷ ಎಳೀತು. 1937ರಾಗ ಮುಂಬೈ ಹೈಕೋರ್ಟು ಅವರ ಕಡೆ ತೀರ್ಪು ಕೊಟ್ಟಿತು.

ಇಲ್ಲಿಗೆ ಕಥಿ ಮುಗಿಸಿದ್ರ ಛಲೋ ಇತ್ತು. ಆದ್ರ ಮಾತಿನ ಭರಾಟ್ಯಾಗ ನಮ್ಮೂರ ಬಾವಿ ನೆನಪಾತು, ಅದನ್ನೂ ಹೇಳಿಬಿಟ್ಟೆ.

ಅಸ್ಪೃಶ್ಯತೆ ಇಲ್ಲ ಅಂತ ಸಂವಿಧಾನ ಬರೆದು ಇಪ್ಪತ್ತೈದು ವರ್ಷದ ಮ್ಯಾಲಾಗಿತ್ತು. ನಾನು ಎಂಟು ವರ್ಷದಾಕಿ. ದಲಿತರ ಕೇರಿ ಹೆಣ್ಮಕ್ಕಳು ಕೊಡ ಇಟಗೊಂಡು ಬಾವಿಯಿಂದ ದೂರ ನಿಂದರ್ತಿದ್ರು. ಯಾರರ ಸೇದಿ ಮ್ಯಾಲಿಂದ ಸುರೀಬೇಕು. ನಮ್ಮ ಆಯಿ ಜೋಡಿ ನಾನೂ ಸುರೀತಿದ್ದೆ. "ಪುಣ್ಯಾ ಬರ್ತೈತಿ" ಅಂತಿದ್ಲು ಆಯಿ. ನನಗೂ ಭಾಳ ಖುಷಿ. ಹೊತ್ತಾದ ದಿನ ಅವರು ಹಂಗೇ ಬಿಸಲಾಗ ಕಾಯ್ತಿದ್ರು. ನನ್ನ ಅಮ್ಮನ ವಯಸ್ಸಿನಾಕಿ ಒಬ್ಬಾಕಿ ನನಗ "ಅವ್ವಾರ, ಒಂದು ಕೊಡ ಹಾಕ್ರೀ" ಅಂತಿದ್ಲು. ನಾನು ಅಕಿಗೆ "ಬಾ, ಹೋಗು" ಅಂತಿದ್ದೆ.

ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ನ ಕುಂತ್ಲು. ಆಮ್ಯಾಲ ಕೇಳಿದ್ಲು: "ಹಂಗಾದ್ರ ಅಜ್ಜಿ, ನೀನು ಆ ಪ್ಯೂನ್ ಆಗಿದ್ದೇನು?"

ಕೈಯಾಗಿನ ರೊಟ್ಟಿ ಹೆಂಚಿನ ಮ್ಯಾಲ ಹೊತ್ತಿತು. "ಹೌದವ್ವಾ, ಆಗಿದ್ದೆ" ಅಂದೆ. ಬ್ಯಾರೆ ಏನ್ ಹೇಳೂದು? ಸಣ್ಣಾಕಿ ಇದ್ದೆ ಅಂತ ಹೇಳಬಹುದಿತ್ತು. ಆದ್ರ ನಳದ ಮುಂದ ನಿಂತ ಭೀಮರಾವನೂ ಸಣ್ಣಾವನೇ ಇದ್ದ. ನಾ ಸುರಿದ ನೀರು ಪುಣ್ಯಾ ಅಲ್ಲ, ಅದು ಅವರದೇ ನೀರು. ಹಗ್ಗ ಅವರ ಕೈಯಾಗ ಕೊಡಬೇಕಿತ್ತು ಅಂತ ತಿಳಿಯಾಕ ನನಗ ಇಷ್ಟು ವರ್ಷ ಬೇಕಾತು.

ಭಾಷಣಕ್ಕ ಬಹುಮಾನ ಬರಲಿಲ್ಲ. ನಳದ ಕಥಿ ಹೇಳೂದ್ರಾಗೇ ನಾಕು ನಿಮಿಷ ಮುಗದು, ಮಹಾಡ ಮುಟ್ಟಲೇ ಇಲ್ಲಂತ.

ನೀವೂ ಮಕ್ಕಳಿಗೆ ದೊಡ್ಡಾವರ ಕಥಿ ಹೇಳೂವಾಗ ನಿಮ್ಮೂರ ಬಾವೀದೂ ಹೇಳ್ರಿ. ಬಾವಿ ಕಟ್ಟಿ ಮ್ಯಾಲ ಯಾರು ನಿಂತಿದ್ರು, ತಳಗ ಯಾರು ನಿಂತಿದ್ರು ಅಂತ ಮುಚ್ಚಬ್ಯಾಡ್ರಿ. ಅವರು ಕೇಳೂ ಪ್ರಶ್ನೆ ಚುಚ್ಚತೈತಿ, ಚುಚ್ಚಲಿ.