ಡೀಸೆಲ್ ಪಿಕಪ್‌ಗೆ ಹೆಚ್ಚುವರಿ ಟ್ರಾನ್ಸ್‌ಮಿಷನ್ ಕೂಲರ್: ಯಾರಿಗೆ ಬೇಕು, ಯಾರಿಗೆ ಬೇಡ? ಹಾಕಿಸುವ ಮುನ್ನ ಇದನ್ನು ಓದಿ

ಪುಣೆಯಿಂದ ಬೆಳಗಾವಿ ಕಡೆ ಬರುವವರಿಗೆ ಖಂಬಾಟ್ಕಿ ಘಾಟ್ ಹೊಸದೇನಲ್ಲ. ಬೇಸಿಗೆಯ ಮಧ್ಯಾಹ್ನ, ಹಿಂದೆ ತುಂಬಿದ ಲೋಡ್, ಮುಂದೆ ತೆವಳುವ ಲಾರಿಗಳ ಸಾಲು. ಇಂಥ ಹೊತ್ತಿನಲ್ಲಿ ಚಾಲಕರ ಕಣ್ಣು ಎಂಜಿನ್ ಟೆಂಪರೇಚರ್ ಮುಳ್ಳಿನ ಮೇಲೆಯೇ ಇರುತ್ತದೆ. ಆದರೆ ಆಟೋಮ್ಯಾಟಿಕ್ ಪಿಕಪ್ ಆಗಿದ್ದರೆ, ಆ ಮುಳ್ಳು ಅಲುಗಾಡುವ ಮೊದಲೇ ಇನ್ನೊಂದು ಕಡೆ ಬಿಸಿ ಏರಿರಬಹುದು. ಅದು ಗೇರ್‌ಬಾಕ್ಸ್ ಒಳಗಿನ ಆಯಿಲ್. ಹೆಚ್ಚಿನ ವಾಹನಗಳ ಡ್ಯಾಶ್‌ಬೋರ್ಡ್‌ನಲ್ಲಿ ಅದಕ್ಕೆ ಮುಳ್ಳೇ ಇರುವುದಿಲ್ಲ.

ಈ ಬಿಸಿಯನ್ನು ಇಳಿಸಲು ಹಾಕುವ ಪುಟ್ಟ ರೇಡಿಯೇಟರೇ 'ಹೆಚ್ಚುವರಿ ಟ್ರಾನ್ಸ್‌ಮಿಷನ್ ಕೂಲರ್'. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಡೀಸೆಲ್ ಪಿಕಪ್ ಮಾಲೀಕರು ವರ್ಷಗಳಿಂದ ಇದನ್ನು ಹಾಕಿಸುತ್ತಿದ್ದಾರೆ. ಭಾರತದಲ್ಲೂ ಆಟೋಮ್ಯಾಟಿಕ್ ಪಿಕಪ್‌ಗಳು ಬಂದ ಮೇಲೆ ಇಲ್ಲಿನ ಮಾಲೀಕರಿಗೂ ಈ ಪ್ರಶ್ನೆ ಎದುರಾಗುತ್ತಿದೆ. ಇದು ನಿಜಕ್ಕೂ ಅಗತ್ಯವೇ? ಹೇಗೆ ಕೆಲಸ ಮಾಡುತ್ತದೆ? ತಪ್ಪಾಗಿ ಹಾಕಿದರೆ ಏನಾಗುತ್ತದೆ? ಇಲ್ಲಿದೆ ಪೂರ್ಣ ವಿವರ.

ಮೊದಲ ಪ್ರಶ್ನೆ: ನಿಮ್ಮದು ಮ್ಯಾನುವಲ್ಲೋ, ಆಟೋಮ್ಯಾಟಿಕ್ಕೋ?

ನಮ್ಮ ರಸ್ತೆಗಳಲ್ಲಿ ತರಕಾರಿ, ಹಾಲು, ಸಿಮೆಂಟ್ ಸಾಗಿಸುವ ಬೊಲೆರೊ ಪಿಕಪ್, ಟಾಟಾ ಯೋಧಾ, ಅಶೋಕ್ ಲೇಲ್ಯಾಂಡ್ ದೋಸ್ತ್‌ನಂಥ ವಾಹನಗಳು ಮ್ಯಾನುವಲ್ ಗೇರ್‌ಬಾಕ್ಸ್‌ನವು. ಇವುಗಳಿಗೆ ಈ ಕೂಲರ್ ಬೇಡ. ಮ್ಯಾನುವಲ್‌ನಲ್ಲಿ ಕ್ಲಚ್ ಪೂರ್ತಿ ಕೂತ ಮೇಲೆ ಎಂಜಿನ್‌ಗೂ ಗೇರ್‌ಗೂ ನೇರ ಸಂಪರ್ಕ. ಅಲ್ಲಿ ಹುಟ್ಟುವ ಬಿಸಿ ಕಡಿಮೆ, ಅದನ್ನು ಗೇರ್‌ಬಾಕ್ಸ್‌ನ ಲೋಹದ ಹೊರಕವಚವೇ ಗಾಳಿಗೆ ಬಿಟ್ಟುಬಿಡುತ್ತದೆ.

ಪ್ರಶ್ನೆ ಏಳುವುದು ಟಾರ್ಕ್ ಕನ್ವರ್ಟರ್ ಇರುವ ಆಟೋಮ್ಯಾಟಿಕ್‌ಗಳಲ್ಲಿ. 2022ರಲ್ಲಿ ಭಾರತಕ್ಕೆ ಬಂದ ಟೊಯೊಟಾ ಹೈಲಕ್ಸ್ ಒಳ್ಳೆಯ ಉದಾಹರಣೆ. 2.8 ಲೀಟರ್ ಡೀಸೆಲ್ ಎಂಜಿನ್, 204 ಪಿಎಸ್ ಶಕ್ತಿ. ಮ್ಯಾನುವಲ್‌ನಲ್ಲಿ 420 ಎನ್‌ಎಂ ಟಾರ್ಕ್ ಇದ್ದರೆ, 6 ಸ್ಪೀಡ್ ಆಟೋಮ್ಯಾಟಿಕ್‌ನಲ್ಲಿ 500 ಎನ್‌ಎಂ. ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್‌ನ ಆಟೋಮ್ಯಾಟಿಕ್ ಮಾದರಿ 1.9 ಲೀಟರ್ ಎಂಜಿನ್‌ನಿಂದ 360 ಎನ್‌ಎಂ ಕೊಡುತ್ತದೆ. ಅಷ್ಟೂ ಟಾರ್ಕ್ ಗೇರ್‌ಬಾಕ್ಸ್ ಮೂಲಕವೇ ಚಕ್ರಗಳಿಗೆ ಹೋಗಬೇಕು.

ಬಿಸಿ ಎಲ್ಲಿಂದ ಬರುತ್ತದೆ?

ಎರಡು ಟೇಬಲ್ ಫ್ಯಾನ್‌ಗಳನ್ನು ಎದುರುಬದುರು ಇಟ್ಟು ಒಂದನ್ನು ಮಾತ್ರ ಆನ್ ಮಾಡಿ. ಅದರ ಗಾಳಿಗೆ ಇನ್ನೊಂದೂ ನಿಧಾನವಾಗಿ ತಿರುಗುತ್ತದೆ. ಟಾರ್ಕ್ ಕನ್ವರ್ಟರ್ ಕೆಲಸವೂ ಹೀಗೆಯೇ, ಗಾಳಿಯ ಬದಲು ಆಯಿಲ್. ಎಂಜಿನ್ ಕಡೆಯ ಫ್ಯಾನ್ ಜೋರಾಗಿ ತಿರುಗುತ್ತಿದ್ದು ಗೇರ್‌ಬಾಕ್ಸ್ ಕಡೆಯದು ಹಿಂದೆ ಬಿದ್ದಾಗ, ನಡುವೆ ಕಳೆದುಹೋಗುವ ಶಕ್ತಿಯೆಲ್ಲ ಆಯಿಲ್‌ನಲ್ಲಿ ಬಿಸಿಯಾಗಿ ಉಳಿಯುತ್ತದೆ.

ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಕನ್ವರ್ಟರ್ ಒಳಗಿನ ಲಾಕ್-ಅಪ್ ಕ್ಲಚ್ ಎರಡನ್ನೂ ಬಿಗಿದು ಒಂದು ಮಾಡುತ್ತದೆ. ಆಗ ಬಿಸಿ ತಾನಾಗಿ ಇಳಿಯುತ್ತದೆ. ಲೋಡ್ ಹೊತ್ತು ಘಾಟಿ ಹತ್ತುವಾಗ, ಮರಳಿನಲ್ಲಿ ಸಾಗುವಾಗ, ಟ್ರೇಲರ್ ಎಳೆಯುವಾಗ, ಟ್ರಾಫಿಕ್‌ನಲ್ಲಿ ನಿಂತು ನಿಂತು ಹೋಗುವಾಗ ಲಾಕ್-ಅಪ್ ಬಿಟ್ಟುಕೊಂಡಿರುತ್ತದೆ. ಆಯಿಲ್ ಕಾಯುವುದು ಆಗಲೇ. ಡೀಸೆಲ್ ಎಂಜಿನ್ ಕಡಿಮೆ ಆರ್‌ಪಿಎಂನಲ್ಲೇ ಹೆಚ್ಚು ಟಾರ್ಕ್ ಕೊಡುವುದರಿಂದ ಈ ಹೊರೆ ಇನ್ನೂ ಹೆಚ್ಚು.

ಎಷ್ಟು ಬಿಸಿಯಾದರೆ ಅಪಾಯ?

ಆಟೋಮ್ಯಾಟಿಕ್‌ನ ಆಯಿಲ್, ಅಂದರೆ ಎಟಿಎಫ್, ಮೂರು ಕೆಲಸ ಮಾಡುತ್ತದೆ. ಗೇರ್‌ಗಳಿಗೆ ಜಿಡ್ಡು, ಕ್ಲಚ್‌ಗಳನ್ನು ಒತ್ತಿ ಹಿಡಿಯುವ ಒತ್ತಡ, ಜೊತೆಗೆ ಬಿಸಿ ಹೊತ್ತೊಯ್ಯುವ ಕೆಲಸ. ಸಾಮಾನ್ಯವಾಗಿ ಇದು 80ರಿಂದ 95 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆರಾಮವಾಗಿರುತ್ತದೆ. ಕೆಲವು ಹೊಸ ಗೇರ್‌ಬಾಕ್ಸ್‌ಗಳು 100 ಡಿಗ್ರಿ ಆಸುಪಾಸಿನಲ್ಲೇ ಓಡುವಂತೆ ತಯಾರಾಗಿರುತ್ತವೆ. 120 ಡಿಗ್ರಿ ದಾಟಿ ಹೆಚ್ಚು ಹೊತ್ತು ಉಳಿದರೆ ಆಯಿಲ್ ಕೆಡಲು ಶುರುವಾಗುತ್ತದೆ, ರಬ್ಬರ್ ಸೀಲ್‌ಗಳು ಗಟ್ಟಿಯಾಗುತ್ತವೆ, ಬಳಿಕ ಕ್ಲಚ್ ಪ್ಲೇಟ್‌ಗಳು ಜಾರುತ್ತವೆ.

ಮೆಕ್ಯಾನಿಕ್‌ಗಳ ನಡುವೆ ಒಂದು ಅಂದಾಜು ಲೆಕ್ಕ ಚಾಲ್ತಿಯಲ್ಲಿದೆ: ಸಾಮಾನ್ಯ ಮಟ್ಟಕ್ಕಿಂತ ಪ್ರತಿ 11 ಡಿಗ್ರಿ ಏರಿದಂತೆ ಆಯಿಲ್‌ನ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ. ಇಂದಿನ ಸಿಂಥೆಟಿಕ್ ಆಯಿಲ್‌ಗಳು ಇದಕ್ಕಿಂತ ಗಟ್ಟಿ. ಆದರೂ ಬಿಸಿ ಏರಿದಷ್ಟೂ ಆಯಸ್ಸು ಇಳಿಯುತ್ತದೆ ಎಂಬ ಮಾತು ಬದಲಾಗುವುದಿಲ್ಲ. ಕೆಂಪಗಿರಬೇಕಾದ ಆಯಿಲ್ ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬಂದರೆ ಒಳಗೆ ಹಾನಿ ಆಗಲೇ ಆರಂಭವಾಗಿದೆ ಎಂದರ್ಥ.

ಕಂಪನಿ ಕೊಟ್ಟ ಕೂಲರ್ ಸಾಲದೇ?

ಆಟೋಮ್ಯಾಟಿಕ್ ಪಿಕಪ್‌ಗೆ ಕಾರ್ಖಾನೆಯಿಂದಲೇ ಒಂದು ಕೂಲರ್ ಬಂದಿರುತ್ತದೆ. ಹಲವು ವಾಹನಗಳಲ್ಲಿ ಅದು ರೇಡಿಯೇಟರ್‌ನ ತೊಟ್ಟಿಯೊಳಗೇ ಇರುತ್ತದೆ. ಸುತ್ತಲೂ ಕೂಲೆಂಟ್, ನಡುವಿನ ಕೊಳವೆಯಲ್ಲಿ ಗೇರ್‌ಬಾಕ್ಸ್ ಆಯಿಲ್. ಚಳಿಯಲ್ಲಿ ಇದು ಆಯಿಲ್ಅನ್ನು ಬೇಗ ಬಿಸಿ ಮಾಡುತ್ತದೆ, ಓಡುವಾಗ ತಂಪು ಮಾಡುತ್ತದೆ. ಆದರೆ ಒಂದು ಮಿತಿ ಇದೆ: ಎಂಜಿನ್ ಕೂಲೆಂಟ್ 90 ಡಿಗ್ರಿ ಇದ್ದರೆ ಆಯಿಲ್ ಅದಕ್ಕಿಂತ ಕೆಳಗೆ ಇಳಿಯಲಾರದು.

ಇನ್ನೊಂದು ಅಪಾಯವೂ ಉಂಟು. ಹಳೆಯ ವಾಹನಗಳಲ್ಲಿ ಈ ಒಳಗಿನ ಕೊಳವೆ ತೂತಾದರೆ ಕೂಲೆಂಟ್ ಮತ್ತು ಆಯಿಲ್ ಬೆರೆತು ಗುಲಾಬಿ ಬಣ್ಣದ ಮಿಲ್ಕ್‌ಶೇಕ್‌ನಂತಾಗುತ್ತದೆ. ಅಂಥ ಗೇರ್‌ಬಾಕ್ಸ್ ಉಳಿಯುವುದು ಅಪರೂಪ. ಹೆಚ್ಚುವರಿ ಕೂಲರ್ ಹಾಕಿಸಿದ ಮಾತ್ರಕ್ಕೆ ಈ ಅಪಾಯ ತಪ್ಪುವುದಿಲ್ಲ. ಹಳೆಯ ರೇಡಿಯೇಟರ್ ಸ್ಥಿತಿ ನೋಡಿಸುವುದು ಬೇರೆಯೇ ಕೆಲಸ.

ಅಮೆರಿಕ, ಆಸ್ಟ್ರೇಲಿಯಾದಲ್ಲಿ ಇಷ್ಟು ಚಾಲ್ತಿ ಏಕೆ?

1989ರಲ್ಲಿ ಅಮೆರಿಕದ ಡಾಡ್ಜ್ ರಾಮ್ ಪಿಕಪ್‌ಗೆ 5.9 ಲೀಟರ್ ಕಮ್ಮಿನ್ಸ್ ಡೀಸೆಲ್ ಎಂಜಿನ್ ಬಂತು. ಪುಣೆಯ ಓದುಗರಿಗೆ ಕಮ್ಮಿನ್ಸ್ ಹೆಸರನ್ನು ಪರಿಚಯಿಸಬೇಕಿಲ್ಲ. ಇಂಥ ದೊಡ್ಡ ಡೀಸೆಲ್‌ಗಳ ಹಿಂದೆ ಅಲ್ಲಿನವರು ಕುದುರೆಗಳ ಟ್ರೇಲರ್, ದೋಣಿ, ಮನೆಯಂಥ ಕ್ಯಾಂಪರ್ ಎಳೆಯುತ್ತಾರೆ. ಆಸ್ಟ್ರೇಲಿಯಾದಲ್ಲಿ ಹೈಲಕ್ಸ್ 4x4ಗೆ 3,500 ಕೆ.ಜಿ.ವರೆಗೆ ಬ್ರೇಕ್ ಸಹಿತ ಟ್ರೇಲರ್ ಎಳೆಯುವ ಅನುಮತಿ ಇದೆ. ಅಂಥ ಭಾರ ಹೊತ್ತು 40 ಡಿಗ್ರಿ ಬಿಸಿಲಲ್ಲಿ ನೂರಾರು ಕಿ.ಮೀ. ಹೋಗುವವರಿಗೆ ಹೆಚ್ಚುವರಿ ಕೂಲರ್ ಶೋಕಿಯಲ್ಲ.

ಭಾರತದಲ್ಲಿ ಟ್ರೇಲರ್ ಎಳೆಯುವವರು ಕಡಿಮೆ. ಇಲ್ಲಿ ಇದರ ಉಪಯೋಗ ಹೆಚ್ಚಾಗಿ ಮೂರು ಬಗೆಯವರಿಗೆ: ಪಿಕಪ್‌ಅನ್ನು ಕ್ಯಾಂಪರ್ ಮಾಡಿಕೊಂಡು ಸದಾ ತುಂಬಿದ ಭಾರದಲ್ಲಿ ತಿರುಗುವವರು, ಮರಳು ಮತ್ತು ಕೆಸರಿನಲ್ಲಿ ಆಫ್‌ರೋಡ್ ಮಾಡುವವರು, ಲೋಡ್ ಹಾಕಿಕೊಂಡು ಪದೇ ಪದೇ ಘಾಟಿ ಹತ್ತಿ ಇಳಿಯುವ ತೋಟದವರು.

ಹಣ ಕೊಡುವ ಮೊದಲು ಅಳೆಯಿರಿ

ಇಡೀ ವಿಷಯದಲ್ಲಿ ಹೆಚ್ಚು ಮುಖ್ಯವಾದ ಹೆಜ್ಜೆ ಇದು, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಗೇರ್‌ಬಾಕ್ಸ್ ಒಳಗೆ ಈಗಾಗಲೇ ಟೆಂಪರೇಚರ್ ಸೆನ್ಸರ್ ಇರುತ್ತದೆ. ಒಬಿಡಿ ಪೋರ್ಟ್‌ಗೆ ಸ್ಕ್ಯಾನರ್ ಅಥವಾ ಬ್ಲೂಟೂತ್ ಡಾಂಗಲ್ ಜೋಡಿಸಿ ಮೊಬೈಲ್ ಆ್ಯಪ್‌ನಲ್ಲಿ ಆ ಅಂಕಿ ನೋಡಬಹುದು. ಆದರೆ ನಿಮ್ಮ ಮಾಡೆಲ್‌ನ ಗೇರ್‌ಬಾಕ್ಸ್ ಟೆಂಪರೇಚರ್ ಓದುವ ಆ್ಯಪ್ ಬೇಕು. ಎಲ್ಲ ಆ್ಯಪ್‌ಗಳೂ ಇದನ್ನು ತೋರಿಸುವುದಿಲ್ಲ.

ನಿಮ್ಮ ಮಾಮೂಲಿ ಲೋಡ್, ಮಾಮೂಲಿ ದಾರಿ, ಬೇಸಿಗೆಯ ದಿನ. ಹೀಗೆ ಒಂದೆರಡು ಪ್ರಯಾಣದಲ್ಲಿ ಗಮನಿಸಿ. ಘಾಟಿ ಹತ್ತುವಾಗಲೂ 100 ಡಿಗ್ರಿ ಒಳಗೇ ಇದ್ದರೆ ಕೂಲರ್ ಹಣ ಉಳಿಸಿ, ಆ ಹಣದಲ್ಲಿ ಆಯಿಲ್ ಬದಲಿಸಿ. ಪದೇ ಪದೇ 115ರಿಂದ 120 ಮುಟ್ಟುತ್ತಿದ್ದರೆ ಕೂಲರ್ ಬಗ್ಗೆ ಯೋಚಿಸಿ.

ಯಾವ ಬಗೆಯ ಕೂಲರ್?

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಬಗೆ. ಉದ್ದ ಕೊಳವೆಯನ್ನು ಹಾವಿನಂತೆ ಮಡಚಿ ರೆಕ್ಕೆ ಹಚ್ಚಿದ್ದು ಅಗ್ಗ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದಂತಿರುವ ಸ್ಟ್ಯಾಕ್ಡ್ ಪ್ಲೇಟ್ ಬಗೆ ಸ್ವಲ್ಪ ದುಬಾರಿ, ಆದರೆ ಅದೇ ಅಳತೆಯಲ್ಲಿ ಹೆಚ್ಚು ತಂಪು ಮಾಡುತ್ತದೆ. ಪಿಕಪ್‌ಗೆ ಎರಡನೆಯದೇ ವಾಸಿ.

ದೊಡ್ಡದಾದಷ್ಟೂ ಒಳ್ಳೆಯದು ಎಂದುಕೊಳ್ಳಬೇಡಿ. ಆಯಿಲ್ ಸಾಕಷ್ಟು ಬಿಸಿಯಾಗದಿದ್ದರೆ ಹಲವು ಗೇರ್‌ಬಾಕ್ಸ್‌ಗಳು ಲಾಕ್-ಅಪ್ ಹಾಕಲು ತಡ ಮಾಡುತ್ತವೆ, ಮೈಲೇಜ್ ಇಳಿಯುತ್ತದೆ. ದಿಲ್ಲಿಯ ಜನವರಿ ಬೆಳಗಿನಲ್ಲಿ, ಲಡಾಖ್ ಪ್ರವಾಸದಲ್ಲಿ ಇದು ಅನುಭವಕ್ಕೆ ಬರುತ್ತದೆ. ಹಾಗಾಗಿ ಆಯಿಲ್ ತಂಪಾಗಿದ್ದಾಗ ಕೂಲರ್‌ಗೆ ಕಳಿಸದೆ ತಿರುಗಿಸಿ ಬಿಡುವ ಥರ್ಮೋಸ್ಟಾಟ್ ಇರುವ ಕಿಟ್ ಆರಿಸಿಕೊಳ್ಳಿ.

ಅಳವಡಿಸುವಾಗ ಗಮನಿಸಬೇಕಾದ ಅಂಶಗಳು

* ಜಾಗ: ರೇಡಿಯೇಟರ್ ಮತ್ತು ಎಸಿ ಕಂಡೆನ್ಸರ್‌ನ ಮುಂದೆ, ಗಾಳಿ ನೇರ ಬಡಿಯುವ ಕಡೆ. ಆದರೆ ಕಂಡೆನ್ಸರ್ ಪೂರ್ತಿ ಮುಚ್ಚುವಂತಿರಬಾರದು. ಹಾಗಾದರೆ ಚೆನ್ನೈ ಬಿಸಿಲಲ್ಲಿ ಎಸಿಯ ತಂಪೇ ಕಡಿಮೆಯಾಗುತ್ತದೆ.
* ಕ್ರಮ: ಗೇರ್‌ಬಾಕ್ಸ್‌ನಿಂದ ಬಿಸಿ ಆಯಿಲ್ ಮೊದಲು ಕಂಪನಿಯ ಕೂಲರ್‌ಗೆ, ಅಲ್ಲಿಂದ ಹೊಸ ಕೂಲರ್‌ಗೆ, ನಂತರ ವಾಪಸ್ ಗೇರ್‌ಬಾಕ್ಸ್‌ಗೆ. ಅಂದರೆ ವಾಪಸ್ ಪೈಪ್‌ನಲ್ಲಿ ಜೋಡಿಸಬೇಕು. ಎರಡು ಪೈಪ್‌ಗಳಲ್ಲಿ ಯಾವುದು ವಾಪಸ್ ಎಂದು ತಿಳಿಯಲು ಎಂಜಿನ್ ಬಿಸಿಯಾದ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿಯಿರಿ. ಕಡಿಮೆ ಬಿಸಿ ಇರುವುದೇ ವಾಪಸ್ ಪೈಪ್.
* ಹೋಸ್: ಟ್ರಾನ್ಸ್‌ಮಿಷನ್ ಆಯಿಲ್‌ಗೆಂದೇ ತಯಾರಾದ ಹೋಸ್ ಬೇಕು. ಕೂಲೆಂಟ್ ಹೋಸ್ ಅಥವಾ ಡೀಸೆಲ್ ಪೈಪ್ ತುಂಡು ಹಾಕಿದರೆ ಬಿಸಿಗೆ ಉಬ್ಬಿ ಬಿಟ್ಟುಕೊಳ್ಳುತ್ತದೆ. ಹೆದ್ದಾರಿಯಲ್ಲಿ ಹೋಸ್ ಕಳಚಿದರೆ ಆಯಿಲ್ ನಿಮಿಷಗಳಲ್ಲಿ ಖಾಲಿ.
* ಬಿಗಿತ: ಕೂಲರ್‌ನ ರೆಕ್ಕೆಗಳ ನಡುವೆ ಪ್ಲಾಸ್ಟಿಕ್ ಟೈ ತೂರಿಸಿ ಕಟ್ಟುವುದು ಬೇಡ. ಅಲುಗಾಟಕ್ಕೆ ಅದು ಕಂಡೆನ್ಸರ್‌ನ ಮೈ ಉಜ್ಜಿ ತೂತು ಮಾಡಬಹುದು. ಲೋಹದ ಬ್ರಾಕೆಟ್ ಹಾಕಿಸಿ.
* ಆಯಿಲ್ ಮಟ್ಟ: ಹೊಸ ಕೂಲರ್ ಮತ್ತು ಹೋಸ್ ತುಂಬಲು ಹೆಚ್ಚಿನ ಆಯಿಲ್ ಬೇಕು. ಈಗಿನ ಹಲವು ಗೇರ್‌ಬಾಕ್ಸ್‌ಗಳಿಗೆ ಡಿಪ್‌ಸ್ಟಿಕ್ ಇಲ್ಲ. ನಿಗದಿತ ಟೆಂಪರೇಚರ್‌ನಲ್ಲಿ, ಎಂಜಿನ್ ಓಡುತ್ತಿರುವಾಗ, ಕೆಳಗಿನ ಪ್ಲಗ್ ಬಿಚ್ಚಿ ಮಟ್ಟ ನೋಡಬೇಕು. ಕಂಪನಿ ಹೇಳಿದ ಗ್ರೇಡ್ ಬಿಟ್ಟು ಬೇರೆ ಆಯಿಲ್ ಬೇಡ.

ಕೆಲವು ಮಾಡೆಲ್‌ಗಳಲ್ಲಿ ಕತ್ತರಿಸಿ ಜೋಡಿಸಲು ಹೊರಗೆ ರಬ್ಬರ್ ಪೈಪ್ ಇರುವುದಿಲ್ಲ. ಅಲ್ಲಿ ಆ ಮಾಡೆಲ್‌ಗೇ ಮಾಡಿದ ಅಡಾಪ್ಟರ್ ಕಿಟ್ ಬೇಕು. ಹಳೆಯ ಗೇರ್‌ಬಾಕ್ಸ್ ಈಗಾಗಲೇ ಜಾರುತ್ತಿದ್ದರೆ ಕೂಲರ್ ಅದನ್ನು ರಿಪೇರಿ ಮಾಡುವುದಿಲ್ಲ ಎಂಬುದೂ ನೆನಪಿರಲಿ.

ವಾರಂಟಿ ಮರೆಯಬೇಡಿ

ವಾರಂಟಿ ಇರುವ ವಾಹನದ ಆಯಿಲ್ ಪೈಪ್ ಕತ್ತರಿಸಿದರೆ, ಮುಂದೆ ಗೇರ್‌ಬಾಕ್ಸ್ ಕೆಟ್ಟಾಗ ಕ್ಲೇಮ್ ತಿರಸ್ಕಾರವಾಗುವ ಸಾಧ್ಯತೆ ಇದೆ. ಮೊದಲೇ ಸರ್ವಿಸ್ ಸೆಂಟರ್‌ನಲ್ಲಿ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಪಡೆಯಿರಿ. ಬಾಯಿಮಾತಿನ 'ಏನಾಗಲ್ಲ ಸರ್' ಕ್ಲೇಮ್ ಹೊತ್ತಿಗೆ ಕೆಲಸಕ್ಕೆ ಬರುವುದಿಲ್ಲ.

ಖರ್ಚಿಲ್ಲದೆ ಬಿಸಿ ಇಳಿಸುವ ದಾರಿ

ಕಡಿದಾದ ಏರಿನಲ್ಲಿ ಮ್ಯಾನುವಲ್ ಮೋಡ್‌ಗೆ ಹಾಕಿ ಕೆಳಗಿನ ಗೇರ್ ಹಿಡಿಯಿರಿ. ಗೇರ್‌ಬಾಕ್ಸ್ ಮೇಲೆ ಕೆಳಗೆ ತಡಕಾಡುವುದು ತಪ್ಪುತ್ತದೆ. ಮರಳು, ಬಂಡೆ ದಾರಿಯಲ್ಲಿ 4ಎಲ್ ಬಳಸಿ. ಬಿಸಿ ಏರಿದರೆ ಬದಿಗೆ ನಿಲ್ಲಿಸಿ, ಆದರೆ ಎಂಜಿನ್ ತಕ್ಷಣ ಆಫ್ ಮಾಡಬೇಡಿ. 'ಪಿ'ಗೆ ಹಾಕಿ ಕೆಲವು ನಿಮಿಷ ಓಡಲು ಬಿಟ್ಟರೆ ಪಂಪ್ ಆಯಿಲ್ಅನ್ನು ಕೂಲರ್ ಮೂಲಕ ತಿರುಗಿಸುತ್ತಲೇ ಇರುತ್ತದೆ, ಎಂಜಿನ್ ಫ್ಯಾನ್ ಗಾಳಿ ಎಳೆಯುತ್ತದೆ.

ಭಾರದ ಕೆಲಸಕ್ಕೆ ಬಳಸುವ ವಾಹನಕ್ಕೆ ಮ್ಯಾನುವಲ್‌ನಲ್ಲಿ ಹೇಳಿರುವ ಕಠಿಣ ಬಳಕೆಯ ಅವಧಿಗೆ ಸರಿಯಾಗಿ ಆಯಿಲ್ ಬದಲಿಸುವುದು ಇವೆಲ್ಲಕ್ಕಿಂತ ಮುಖ್ಯ. ಅದನ್ನು ಮಾಡಿಯೂ ಸ್ಕ್ಯಾನರ್‌ನಲ್ಲಿ ಅಂಕಿ ಇಳಿಯದಿದ್ದರೆ, ಆಗ ಕೂಲರ್ ಹಾಕಿಸಿ. ಗೇರ್‌ಬಾಕ್ಸ್ ಬಿಚ್ಚಿಸುವ ಖರ್ಚಿನ ಮುಂದೆ ಅದು ದೊಡ್ಡ ಮೊತ್ತವಲ್ಲ.